ಮಲೆನಾಡಿನ ಮನೆಗೆ ಯಾವ ಮರದ ನೆಲ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಮಹಡಿಯ ಎರಡು ಕೋಣೆಗೆ ಮರದ ನೆಲ ಹಾಕಿಸಬೇಕೆಂದಿದ್ದೇವೆ. ಅಂಗಡಿಯವರು ಸಾಲಿಡ್, ಇಂಜಿನಿಯರ್ಡ್, ಲ್ಯಾಮಿನೇಟ್, ಎಸಿ4 ಎನ್ನುತ್ತಾರೆ. ಇವಕ್ಕೆ ಏನು ವ್ಯತ್ಯಾಸ? ತೋಟದಲ್ಲಿ ಕಡಿಸಿದ ಸಿಲ್ವರ್ ಓಕ್ ಇದೆ, ಅದನ್ನೇ ಬಳಸಬಹುದೇ?

ಉತ್ತರ: ಹಲಗೆಯ ಮುಖ ನೋಡಿ ಮಾರುಹೋಗಬೇಡಿ, ಕೊಯ್ದ ತುದಿಯನ್ನು ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಮರವಿದ್ದರೆ ಅದು ಸಾಲಿಡ್. ಸಾಮಾನ್ಯವಾಗಿ 18–20 ಮಿ.ಮೀ. ದಪ್ಪ. ಮೇಲೆ ತೆಳುವಾದ ನಿಜವಾದ ಮರ, ಕೆಳಗೆ ಅಡ್ಡ-ಉದ್ದ ಜೋಡಿಸಿದ ಪ್ಲೈ ಪದರ ಕಂಡರೆ ಇಂಜಿನಿಯರ್ಡ್. ಒಳಗೆಲ್ಲ ಕಂದು ಬಣ್ಣದ ಒತ್ತಿದ ಪುಡಿಯಂತಿದ್ದರೆ ಲ್ಯಾಮಿನೇಟ್. ಅದರ ಮುಖದಲ್ಲಿರುವುದು ಮರವಲ್ಲ, ಮರದ ಚಿತ್ರ ಅಚ್ಚಾದ ಕಾಗದ.

ಎಸಿ ಸಂಖ್ಯೆ ಲ್ಯಾಮಿನೇಟಿನ ಮೇಲ್ಮೈ ಎಷ್ಟು ಸವೆತ ತಡೆಯುತ್ತದೆ ಎಂದು ಹೇಳುತ್ತದೆ, ಅಷ್ಟೇ. ಮನೆಗೆ ಎಸಿ3 ಸಾಕು. ಎಸಿ4 ಇದ್ದ ಮಾತ್ರಕ್ಕೆ ನೀರು ತಡೆಯುತ್ತದೆ ಎಂದುಕೊಳ್ಳಬೇಡಿ. ಮಾಮೂಲಿ ಲ್ಯಾಮಿನೇಟಿನ ಜೋಡಣೆಗೆ ನೀರು ಇಳಿದರೆ ಅಂಚು ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ.

ನಿಮ್ಮ ಕಡೆಯ ಮಳೆಗೆ ನಮ್ಮ ಸಲಹೆ ಇಂಜಿನಿಯರ್ಡ್. ಮರ ಹಿಗ್ಗುವುದು ಅಗಲಕ್ಕೆ, ಉದ್ದಕ್ಕೆ ತೀರಾ ಕಡಿಮೆ. ಅಡ್ಡ ಪದರಗಳು ಆ ಹಿಗ್ಗನ್ನು ಹಿಡಿದಿಡುತ್ತವೆ. ಮೇಲಿನ ಮರದ ಪದರ ಎಷ್ಟು ಮಿ.ಮೀ. ಎಂದು ಕೇಳಿ. 3–4 ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿ ಪಾಲಿಶ್ ಮಾಡಿಸಬಹುದು. 1 ಇದ್ದರೆ ಆ ಆಸೆ ಬಿಡಿ.

ಹಾಕಿಸುವ ಮುನ್ನ ಕಾಂಕ್ರೀಟಿನ ತೇವ ನೋಡಲೇಬೇಕು. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ತೆಗೆದಾಗ ಅಡಿಯಲ್ಲಿ ಬೆವರಿನಂತೆ ಹನಿ ಇದ್ದರೆ, ಅಥವಾ ಕಾಂಕ್ರೀಟ್ ಕಪ್ಪಿಟ್ಟಿದ್ದರೆ ಕೆಲಸ ಮುಂದೂಡಿ. ನೆಲದ ಏರುತಗ್ಗು 2 ಮೀಟರಿಗೆ 3 ಮಿ.ಮೀ. ಮೀರಬಾರದು, ಮೀರಿದರೆ ನಡೆಯುವಾಗ ಹಲಗೆ ಕಿರುಗುಟ್ಟಿ, ಒಂದರೊಳಗೊಂದು ಸಿಕ್ಕಿಸುವ ಕ್ಲಿಕ್ ಜೋಡಣೆ ಮುರಿಯುತ್ತದೆ. ಹಲಗೆಯ ಪೆಟ್ಟಿಗೆಗಳನ್ನು ಕನಿಷ್ಠ ಎರಡು ದಿನ ಅದೇ ಕೋಣೆಯಲ್ಲಿಡಿ. ಹಾಸುವಾಗ ಮೊದಲು ಪಾಲಿಥೀನ್ ಹಾಳೆ, ಅದರ ಮೇಲೆ 2–3 ಮಿ.ಮೀ. ಫೋಮ್, ಆಮೇಲೆ ಹಲಗೆ.

ಹೆಚ್ಚು ಕೆಡುವುದು ಗೋಡೆಯ ಅಂಚಿನಲ್ಲಿ. ಸುತ್ತಲೂ 10–12 ಮಿ.ಮೀ. ಸಂದು ಬಿಡಿಸಿ, ಬಾಗಿಲ ಚೌಕಟ್ಟಿನ ಬುಡದಲ್ಲೂ. ಅದನ್ನು ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ಒಣಗಿ ಕುಗ್ಗಿದ ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸಿದರೆ ಜುಲೈನಲ್ಲಿ ಹಿಗ್ಗಲು ಜಾಗವಿಲ್ಲದೆ ಕೋಣೆಯ ನಡುವೆ ಉಬ್ಬಿ ಮೇಲೇಳುತ್ತದೆ.

ಸಿಲ್ವರ್ ಓಕ್ ನೆಲಕ್ಕೆ ಬೇಡ. ಹುಳು, ಗೆದ್ದಲು ಬೇಗ ಹಿಡಿಯುತ್ತವೆ, ಮಂಚದ ಕಾಲಿಗೆ ತಗ್ಗು ಬೀಳುತ್ತದೆ. ನೆರಳಲ್ಲಿ ಹಲಗೆಗಳ ನಡುವೆ ಪಟ್ಟಿ ಇಟ್ಟು ಅಟ್ಟಿ ಕಟ್ಟಿ, ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಿಸಿ, ಹುಳುನಾಶಕ ಉಪಚಾರ ಮಾಡಿಸಿದರೆ ಗೋಡೆಯ ಪ್ಯಾನೆಲಿಗೆ ಚೆನ್ನಾಗಿ ಒದಗುತ್ತದೆ.