ಹಾಡು ಮೊದಲು, ದೀಪ ಆಮೇಲೆ

ಹಬ್ಬದ ರಜೆಯಲ್ಲಿ ಮನೆ ಮುಂದೆ ಹಾಡಿಗೆ ತಕ್ಕಂತೆ ಕುಣಿಯುವ ದೀಪಾಲಂಕಾರ ಮಾಡಬೇಕೆಂದಿರುವ ಓದುಗರ ಪ್ರಶ್ನೆಗಳಲ್ಲಿ ಹಾಡಿಗೆ ಸಂಬಂಧಿಸಿದವನ್ನಷ್ಟೇ ಈ ಸಲ ಎತ್ತಿಕೊಂಡಿದ್ದೇವೆ. ತಂತಿ, ದೀಪಗಳಿಗೆ ಆಜ್ಞೆ ಕಳಿಸುವ ಕಂಟ್ರೋಲರ್, ಪವರ್ ಸಪ್ಲೈಗಳ ಮಾತು ಹಾಡಿಗೆ ತೊಡಕಾಗುವ ಕಡೆ ಮಾತ್ರ ಬರುತ್ತದೆ.

ಪ್ರಶ್ನೆ: ಹತ್ತು ಹಾಡು ಆರಿಸಿಟ್ಟಿದ್ದೇನೆ, ಒಟ್ಟು 45 ನಿಮಿಷ. ಹಾಡಿಗೆ ದೀಪ ಜೋಡಿಸುವ ಎಕ್ಸ್‌ಲೈಟ್ಸ್ ತಂತ್ರಾಂಶ ಹಾಕಿಕೊಂಡಿದ್ದೇನೆ. ಎರಡು ತಿಂಗಳು ಸಮಯವಿದೆ, ಮಾಡುತ್ತಿರುವುದು ಮೊದಲ ಸಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಟ್ಟಿಯಿಂದ ಆರು ಹಾಡು ತೆಗೆದುಹಾಕುವುದರಿಂದ. ಕೈಯಾರೆ ಜೋಡಿಸಿದರೆ ಒಂದು ನಿಮಿಷದ ಹಾಡಿಗೆ ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆ ಲೆಕ್ಕದಲ್ಲಿ 45 ನಿಮಿಷಕ್ಕೆ 180 ಗಂಟೆ, ಅಂದರೆ ದಿನಕ್ಕೆ ಮೂರು ಗಂಟೆಯಂತೆ ಎರಡು ತಿಂಗಳು ಒಂದು ದಿನವೂ ಬಿಡದೆ ಕೂರಬೇಕು. ನಾಲ್ಕು ಹಾಡು, ಒಂದೊಂದು ಎರಡೂವರೆ ನಿಮಿಷ ಇಟ್ಟುಕೊಳ್ಳಿ. ಹತ್ತು ನಿಮಿಷ ಅಚ್ಚುಕಟ್ಟಾಗಿ ನಡೆದರೆ ನೋಡುವವರು ಕೊನೆಯವರೆಗೂ ನಿಲ್ಲುತ್ತಾರೆ.

ಯಾವ ನಾಲ್ಕು? ಕಣ್ಣು ಮುಚ್ಚಿ ಕೇಳಿ. ಒಂದೊಂದು ಹಾಡಿನಲ್ಲೂ ಬೇರೆ ಬೇರೆಯಾಗಿ ಕೇಳಿಸುವ ನಾಲ್ಕು ಸಂಗತಿಯಾದರೂ ಇರಬೇಕು: ದನಿ, ತಳದ ಬೇಸ್, ತಾಳವಾದ್ಯ, ಮೇಲೆ ಹಾದುಹೋಗುವ ಒಂದು ಕೊಳಲೋ ಪಿಟೀಲೋ. ಆಮೇಲೆ ಹಾಡನ್ನು ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಅದರ ಅಲೆಯ ಚಿತ್ರ ನೋಡಿ. ಮೊದಲಿನಿಂದ ಕೊನೆಯವರೆಗೆ ಇಟ್ಟಿಗೆ ಜೋಡಿಸಿದಂತೆ ಒಂದೇ ಎತ್ತರದಲ್ಲಿದ್ದರೆ ಆ ಹಾಡು ಬೇಡ. ಕಿವಿಗೆ ಎಷ್ಟೇ ಹಿತವಾಗಿದ್ದರೂ ಅದರಲ್ಲಿ ದೀಪ ಆರಲು ಜಾಗವಿಲ್ಲ, ಆರದ ದೀಪ ಹೊತ್ತಿದ್ದೂ ಗೊತ್ತಾಗುವುದಿಲ್ಲ. ತಗ್ಗಿ ಏರುವ ಹಾಡು ಬೇಕು.

ಕ್ರಮದಲ್ಲಿ ಮೊದಲ ಹಾಡು ಹತ್ತು ಸೆಕೆಂಡಿನೊಳಗೆ ತಾಳಕ್ಕೆ ಬರಲಿ, ನಿಧಾನದ್ದು ಮೂರನೆಯದಾಗಲಿ, ಅತಿ ದೊಡ್ಡದು ಕೊನೆಗೆ. ಎರಡು ಹಾಡಿನ ನಡುವೆ ಮೂರರಿಂದ ಐದು ಸೆಕೆಂಡ್ ಬಿಡಿ. ಆಗ ಪೂರ್ತಿ ಕತ್ತಲೆ ಮಾಡಬೇಡಿ, ಮುಗಿಯಿತೆಂದು ಜನ ಹೊರಟುಬಿಡುತ್ತಾರೆ. ಸೂರಿನಂಚಿನ ದೀಪದ ಸಾಲೊಂದು ಮಂದವಾಗಿ ಉರಿಯುತ್ತಿರಲಿ.

ಪ್ರಶ್ನೆ: ಐದು ನಿಮಿಷದ ಹಾಡನ್ನು ಎರಡೂವರೆಗೆ ಇಳಿಸಿದೆ. ಕತ್ತರಿಸಿದ ಜಾಗದಲ್ಲಿ 'ಟಪ್' ಎನ್ನುತ್ತದೆ. ಅಲ್ಲಿಂದ ಮುಂದೆ ತಾಳವೂ ಎಡವಿದಂತಿದೆ.

ಉತ್ತರ: ಇವು ಎರಡು ಬೇರೆ ತಪ್ಪುಗಳು. ತಾಳ ಎಡವುವುದು ಆವರ್ತದ ನಡುವೆ ಕತ್ತರಿ ಬಿದ್ದಾಗ. ನಿಮಿಷಕ್ಕೆ 100 ಬೀಟಿನ, ನಾಲ್ಕೆಣಿಕೆಯ ಹಾಡಾದರೆ ಒಂದು ಆವರ್ತ 2.4 ಸೆಕೆಂಡ್, ಎಂಟು ಆವರ್ತ 19.2 ಸೆಕೆಂಡ್. ತೆಗೆಯುವ ತುಂಡು ಈ 19.2ರ ಒಂದು, ಎರಡು, ಮೂರು ಪಟ್ಟು ಇರಲಿ. ಎರಡನೇ ಚರಣವನ್ನೂ ಅದಕ್ಕೆ ಮುಂಚಿನ ವಾದ್ಯಭಾಗವನ್ನೂ ಸೇರಿಸಿ ತೆಗೆದರೆ ಹೆಚ್ಚಿನ ಹಾಡುಗಳಲ್ಲಿ ಲೆಕ್ಕ ತಾನಾಗಿ ಕೂರುತ್ತದೆ.

'ಟಪ್' ಬರುವುದು ಅಲೆ ಸೊನ್ನೆಯ ಗೆರೆ ದಾಟದಿರುವ ಕಡೆ ಕತ್ತರಿಸಿದ್ದರಿಂದ. ತುಂಡನ್ನು ಆಯ್ದು ಝಡ್ ಕೀಲಿ ಒತ್ತಿದರೆ ಆಡಾಸಿಟಿ ಅದರ ಅಂಚುಗಳನ್ನು ಹತ್ತಿರದ ಸೊನ್ನೆಗೆ ಸರಿಸುತ್ತದೆ. ಇದಕ್ಕಿಂತ ಮುಖ್ಯ, ಎಲ್ಲಿ ಕತ್ತರಿಸುತ್ತೀರಿ ಎಂಬುದು. ಅಲೆಯನ್ನು ಚೆನ್ನಾಗಿ ಹಿಗ್ಗಿಸಿ ನೋಡಿ: ಡ್ರಮ್ಮಿನ ಪೆಟ್ಟು ಗೋಡೆಯಂತೆ ಥಟ್ಟನೆ ಏಳುತ್ತದೆ, ಅದರ ಎಡಕ್ಕೆ ಹಿಂದಿನ ಸ್ವರದ ಬಾಲ ಸಣ್ಣಗಾಗುತ್ತಾ ಬಂದಿರುತ್ತದೆ. ಆ ಗೋಡೆಗೆ 5ರಿಂದ 10 ಮಿಲಿಸೆಕೆಂಡ್ ಎಡಕ್ಕೆ ಕತ್ತರಿ ಹಾಕಿ. ಹೊಸ ಪೆಟ್ಟಿನ ಸದ್ದಿನಲ್ಲಿ ಹೊಲಿಗೆ ಮುಚ್ಚಿಹೋಗುತ್ತದೆ. ಗಾಯಕರ ಉಸಿರಿನ ನಡುವೆ ಕತ್ತರಿಸಿದರೆ ಮಾತ್ರ ಯಾವ ಉಪಾಯವೂ ನಡೆಯದು.

ಮೆಲ್ಲಗೆ ಕರಗಿಹೋಗುವ ಮುಕ್ತಾಯವನ್ನೂ ಇಟ್ಟುಕೊಳ್ಳಬೇಡಿ. ದನಿ ಕರಗಬಹುದು, ದೀಪದ ಮುಂದೆ ನಿಂತವರಿಗೆ ಅದು ಕರೆಂಟ್ ಹೋದಂತೆ ಕಾಣುತ್ತದೆ. ಪಲ್ಲವಿಯ ಕೊನೆಯ ಪೆಟ್ಟಿಗೆ ನಿಲ್ಲಿಸಿ, ಅದರ ಗುಂಗಿಗೆ ಎರಡು ಸೆಕೆಂಡ್ ಬಿಡಿ.

ಎಲ್ಲ ಮುಗಿದಮೇಲೆ 44.1 ಕಿಲೋಹರ್ಟ್ಸ್, ಸ್ಥಿರ ಬಿಟ್‌ರೇಟ್ (ಸೆಕೆಂಡಿಗೆ ಬಳಕೆಯಾಗುವ ಮಾಹಿತಿ) 192 ಅಥವಾ 256 ಕಿಲೋಬಿಟ್‌ನ ಒಂದೇ ಒಂದು ಎಂಪಿ3 ಮಾಡಿ. ದೀಪ ಯಾವಾಗ ಹೊತ್ತಬೇಕೆಂಬ ಗುರುತುಗಳನ್ನು ಅದರ ಮೇಲೇ ಹಾಕಿ, ಮತ್ತೆ ಮುಟ್ಟಬೇಡಿ. ಎಂಪಿ3ಗೆ ಪರಿವರ್ತಿಸುವಾಗ ಹಾಡಿನ ಮುಂದೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಲೇಮ್ ಎನ್‌ಕೋಡರಿನಲ್ಲಿ, ಬಿಚ್ಚುವಾಗ ಸೇರುವುದನ್ನೂ ಹಿಡಿದು, ಅದು 1105 ಸ್ಯಾಂಪಲ್ (ದನಿಯ ಅತಿ ಸಣ್ಣ ತುಣುಕು), ಅಂದರೆ 25 ಮಿಲಿಸೆಕೆಂಡ್. ಈ ಮೌನವನ್ನು ಕತ್ತರಿಸದ ಪ್ಲೇಯರಿನಲ್ಲಿ ಅದು ಹಾಗೇ ಉಳಿಯುತ್ತದೆ. ಗುರುತು ಹಾಕಿದಮೇಲೆ 'ದನಿ ಸ್ವಲ್ಪ ಏರಿಸೋಣ' ಎಂದು ಎಂಪಿ3ಯನ್ನೇ ತೆರೆದು ಮತ್ತೆ ಉಳಿಸಿದರೆ ಒಂದೊಂದು ಸಲಕ್ಕೂ ಅಷ್ಟಷ್ಟು ಜಾರಬಹುದು. ನಾಲ್ಕೂ ಹಾಡಿನ ದನಿಮಟ್ಟವನ್ನು ಲೌಡ್‌ನೆಸ್ ನಾರ್ಮಲೈಸೇಶನ್‌ನಿಂದ ಒಂದೇ ಅಳತೆಗೆ ತರುವ ಕೆಲಸವೂ ಇದಕ್ಕೆ ಮುಂಚೆಯೇ ಆಗಿರಬೇಕು.

ಪ್ರಶ್ನೆ: ನಿಮಿಷಕ್ಕೆ 128 ಬೀಟಿನ ಹಾಡು. ಪ್ರತಿ 475 ಮಿಲಿಸೆಕೆಂಡಿಗೆ ಒಂದು ಗುರುತು ಹಾಕಿದ್ದೇನೆ. ಶುರುವಿನಲ್ಲಿ ಸರಿಯಿರುತ್ತದೆ, 15 ಸೆಕೆಂಡಿಗೆ ಕೆಡುತ್ತದೆ, ಅರ್ಧ ನಿಮಿಷ ದಾಟಿದಮೇಲೆ ತಾನೇ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ಕಂಟ್ರೋಲರ್ ಹಾಳಾಗಿದೆಯೇ?

ಉತ್ತರ: ಕಂಟ್ರೋಲರ್ ಚೆನ್ನಾಗಿದೆ. 128 ಬೀಟಿನ ಹಾಡಿನಲ್ಲಿ ಒಂದು ಬೀಟ್ 468.75 ಮಿಲಿಸೆಕೆಂಡ್. 25 ಮಿಲಿಸೆಕೆಂಡಿನ ಫ್ರೇಮಿಗೆ (ದೀಪಕ್ಕೆ ಹೊಸ ಆಜ್ಞೆ ಹೋಗುವ ಒಂದೊಂದು ಹೆಜ್ಜೆಗೆ) ಹೊಂದಲೆಂದು ನೀವು 475 ಮಾಡಿಕೊಂಡಿದ್ದೀರಿ, ಹಾಗಾಗಿ ಪ್ರತಿ ಬೀಟಿಗೆ 6.25 ಮಿಲಿಸೆಕೆಂಡ್ ಸಾಲ ಏರುತ್ತಿದೆ. 35.6ನೇ ಸೆಕೆಂಡಿಗೆ ನಿಮ್ಮ 75ನೇ ಮಿಂಚು ಹಾಡಿನ 76ನೇ ಬೀಟಿನ ಮೇಲೆ ಸರಿಯಾಗಿ ಬೀಳುತ್ತದೆ, ಅದಕ್ಕೇ ಸರಿಹೋದಂತೆ ಕಾಣುವುದು. ನಿಜವಾಗಿ ಆಗ ಒಂದು ಬೀಟ್ ಪೂರ್ತಿ ಹಿಂದಿದ್ದೀರಿ. ಪ್ರತಿ ಗುರುತನ್ನೂ ಹಿಂದಿನ ಗುರುತಿನಿಂದ ಎಣಿಸದೆ ಮೊದಲ ಬೀಟಿನಿಂದಲೇ ಎಣಿಸಿ: 468.75ನ್ನು ಬೀಟಿನ ಸಂಖ್ಯೆಯಿಂದ (ಮೊದಲ ಬೀಟ್ ಸೊನ್ನೆ) ಗುಣಿಸಿ, ಕೊನೆಗೆ ಮಾತ್ರ ಹತ್ತಿರದ 25ಕ್ಕೆ ಹೊಂದಿಸಿ. ತಪ್ಪು ಎಂದೂ 12.5 ಮಿಲಿಸೆಕೆಂಡ್ ದಾಟುವುದಿಲ್ಲ, ಅಷ್ಟು ಯಾರ ಕಣ್ಣಿಗೂ ಬೀಳದು.

ಇದೇ ಕಾಯಿಲೆ ಬೇರೆ ಕಾರಣಕ್ಕೂ ಬರಬಹುದು. ಬಿಟ್‌ರೇಟ್ ಬದಲಾಗುತ್ತಿರುವ ಎಂಪಿ3 ಬಳಸಿದಾಗ ಕೆಲವು ಪ್ಲೇಯರುಗಳು ಸಮಯ ತಪ್ಪು ಎಣಿಸುತ್ತವೆ. ವಾದ್ಯವೃಂದ ಜೊತೆಗೆ ಕೂತು ನುಡಿಸಿದ ಧ್ವನಿಮುದ್ರಣದಲ್ಲಂತೂ ಲಯವೇ ಕೊಂಚ ಹಿಗ್ಗಿ ಕುಗ್ಗುತ್ತದೆ, ಅಲ್ಲಿ ಯಾವ ಗುಣಾಕಾರವೂ ಕೆಲಸಕ್ಕೆ ಬಾರದು, ಕೈಯಲ್ಲಿ ತಟ್ಟಿಯೇ ಗುರುತು ಹಾಕಬೇಕು.

ಪ್ರಶ್ನೆ: ಕಂಪ್ಯೂಟರಿನಲ್ಲಿ ಸರಿಯಾಗಿದೆ. ಅಂಗಳದಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಹಾಡು ದೀಪಕ್ಕಿಂತ ತಡ.

ಉತ್ತರ: ಬ್ಲೂಟೂತ್ ಸ್ಪೀಕರ್ ಇದ್ದರೆ ಅದೇ ಕಾರಣ. ಅದರ ವಿಳಂಬ 100ರಿಂದ 300 ಮಿಲಿಸೆಕೆಂಡ್‌ವರೆಗೂ ಇರಬಹುದು, ಸ್ಪೀಕರ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ತಂತಿಗೆ ಬನ್ನಿ. ಗಾಳಿಯಲ್ಲೂ ಸದ್ದು ಸೆಕೆಂಡಿಗೆ ಸುಮಾರು 343 ಮೀಟರಷ್ಟೇ ಓಡುವುದರಿಂದ 30 ಮೀಟರ್ ದೂರದವರಿಗೆ ಅದು 87 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ. ಅದಕ್ಕೆ ಹೆದರಬೇಕಿಲ್ಲ. ಟಿವಿ ಪ್ರಸಾರಕ್ಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಳತೆಯಲ್ಲಿ ದನಿ ದೃಶ್ಯಕ್ಕಿಂತ 125 ಮಿಲಿಸೆಕೆಂಡ್ ಹಿಂದೆ ಬೀಳುವವರೆಗೂ ನೋಡುವವರ ಗಮನಕ್ಕೆ ಬರುವುದಿಲ್ಲ, ಮುಂದೆ ಬಂದರೆ ಮಾತ್ರ 45ಕ್ಕೇ ಗೊತ್ತಾಗುತ್ತದೆ. ಆದ್ದರಿಂದ ಅನುಮಾನವಿದ್ದಲ್ಲಿ ದೀಪ ಒಂದು ಫ್ರೇಮ್ ಮುಂಚೆ ಹೊತ್ತಲಿ, ತಡವಾಗಿ ಮಾತ್ರ ಬೇಡ.

ಅಳೆಯುವುದು ಸುಲಭ. ಹತ್ತು ಸೆಕೆಂಡಿಗೊಮ್ಮೆ 'ಟಕ್' ಎನ್ನುವ ಮೂರು ನಿಮಿಷದ ಕಡತ ಮಾಡಿ, ಪ್ರತಿ ಟಕ್ಕಿಗೂ ಒಂದೇ ಪಿಕ್ಸೆಲ್ (ಒಂದೊಂದಾಗಿ ಬಣ್ಣ ಬದಲಿಸಬಲ್ಲ ಪುಟ್ಟ ದೀಪ) ಬಿಳಿಯಾಗಿ ಮಿನುಗಲಿ. ಜನ ನಿಲ್ಲುವ ಜಾಗದಿಂದ ಮೊಬೈಲಿನಲ್ಲಿ ಸೆಕೆಂಡಿಗೆ 60 ಫ್ರೇಮಿನ ವಿಡಿಯೊ ತೆಗೆಯಿರಿ. ಮಿನುಗಿಗೂ ಟಕ್ಕಿಗೂ ನಡುವೆ ಎಷ್ಟು ಫ್ರೇಮ್ ಇವೆಯೋ ಅದನ್ನು 16.7ರಿಂದ ಗುಣಿಸಿದರೆ ವಿಳಂಬ ಸಿಗುತ್ತದೆ. ಮೊದಲ ಟಕ್ಕಿನಲ್ಲೂ ಕೊನೆಯದರಲ್ಲೂ ಒಂದೇ ಅಂಕಿ ಬಂದರೆ ಅಷ್ಟನ್ನು ಪ್ಲೇಯರಿನಲ್ಲಿ ದನಿ-ದೀಪದ ಅಂತರ ಸರಿಪಡಿಸುವ ಆಫ್‌ಸೆಟ್‌ನಲ್ಲಿ ತುಂಬಿ. ಅಂಕಿ ಬೆಳೆಯುತ್ತಾ ಹೋದರೆ ಮೇಲಿನ ಉತ್ತರಕ್ಕೆ ಹಿಂತಿರುಗಿ.

ಪ್ರಶ್ನೆ: ಫ್ರೇಮ್ 25 ಮಿಲಿಸೆಕೆಂಡ್ ಇಡಲೇ, 50 ಇಡಲೇ?

ಉತ್ತರ: ತಾಳವಾದ್ಯ ಮುಖ್ಯವಾದ ಹಾಡಿಗೆ 25. ನಿಮಿಷಕ್ಕೆ 120 ಬೀಟಿನಲ್ಲಿ ಕಾಲು ಬೀಟ್ ಎಂದರೆ 125 ಮಿಲಿಸೆಕೆಂಡ್. 25ರಲ್ಲಿ ಅದು ನೇರವಾಗಿ ಐದು ಫ್ರೇಮ್. 50ರಲ್ಲಿ ಎರಡೂವರೆ ಆಗುವುದರಿಂದ ದೀಪ ಎರಡು, ಮೂರು, ಎರಡು, ಮೂರು ಎಂದು ಕುಂಟುತ್ತದೆ. ಆದರೆ ಡಬ್ಲ್ಯುಎಸ್2811 ಚಿಪ್ಪಿನ ಪಿಕ್ಸೆಲ್ ಒಂದಕ್ಕೆ ಮಾಹಿತಿ ಕಳಿಸಲು 30 ಮೈಕ್ರೊಸೆಕೆಂಡ್ ಬೇಕು. ಕಂಟ್ರೋಲರಿನ ಒಂದೇ ಪೋರ್ಟಿಗೆ 800 ದಾಟಿ ಸರಪಳಿ ಕಟ್ಟಿದ್ದರೆ 25ರೊಳಗೆ ಮುಗಿಯದು, ಎರಡು ಪೋರ್ಟಿಗೆ ಹಂಚಿ.

ಪ್ರಶ್ನೆ: ತಂತ್ರಾಂಶ ತಾನೇ ಹುಡುಕಿದ ಬೀಟುಗಳು ಏಳೆಣಿಕೆಯ ಹಾಡಿಗೆ ಹೊಂದುತ್ತಲೇ ಇಲ್ಲ.

ಉತ್ತರ: ಬೀಟ್ ಹುಡುಕುವ ಪ್ಲಗಿನ್‌ಗೆ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ತುಣುಕಿಗೆ) ಆವರ್ತಕ್ಕೆ ಎಷ್ಟು ಬೀಟ್ ಎಂದು ನೀವೇ ಹೇಳಬೇಕು. ಹೇಳದಿದ್ದರೆ ನಾಲ್ಕೆಂದೇ ಹಿಡಿದು ಹೋಗುತ್ತದೆ. ಏಳು ಎಂದು ಕೊಟ್ಟರೂ ಮಿಶ್ರ ಚಾಪಿನಂತೆ 3 ಮತ್ತು 4 ಆಗಿ ಒಡೆಯುವ ಹಾಡಿನಲ್ಲಿ ಒತ್ತು ಎಲ್ಲಿ ಎಂಬುದು ಅದಕ್ಕೆ ತಿಳಿಯದು. ತಂತ್ರಾಂಶದಲ್ಲಿ ಗುರುತು ಹಾಕುವ ಒಂದು ಟೈಮಿಂಗ್ ಸಾಲಿನಲ್ಲಿ ಒಂದನೇ ಮತ್ತು ನಾಲ್ಕನೇ ಎಣಿಕೆಯನ್ನು ಮಾತ್ರ ಕೈಯಲ್ಲಿ ತಟ್ಟಿ, ಆಮೇಲೆ ಒಂದೊಂದು ಗುರುತನ್ನೂ ಅಲೆ ಏಳುವ ಜಾಗಕ್ಕೆ ಎಳೆದು ಕೂರಿಸಿ. ದೊಡ್ಡ ದೀಪಗಳಿಗೆ ಈ ಎರಡು ಪೆಟ್ಟು ಸಾಕು, ಏಳನ್ನೂ ಮಿನುಗಿಸಿದರೆ ಆ ತಾಳದ ಚಂದವಾದ ಓಲಾಟವೇ ಹೋಗುತ್ತದೆ. ಪಲ್ಲವಿ, ಚರಣಗಳಿಗೆ ಬೇರೊಂದು ಸಾಲು, ಸಾಹಿತ್ಯಕ್ಕೆ ಇನ್ನೊಂದು.

ಪ್ರಶ್ನೆ: ಎಲ್ಲ ದೀಪಗಳೂ ಪ್ರತಿ ಬೀಟಿಗೂ ಹೊತ್ತಿ ಆರುವಂತೆ ಮಾಡಿದೆ. ನೋಡಿದವರು ಕಣ್ಣು ನೋವೆನ್ನುತ್ತಾರೆ. ದೊಡ್ಡ ಪಲ್ಲವಿಯಲ್ಲಿ ಸರದ ಕೊನೆಯ ದೀಪಗಳು ಬಿಳಿಯ ಬದಲು ಕೆಂಪಗಾಗುತ್ತವೆ.

ಉತ್ತರ: ನೋವೆಂದವರ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವೇಗದ ಮಿನುಗಿನಿಂದ ಕೆಲವರಿಗೆ ಮೂರ್ಛೆ ಬರುತ್ತದೆ. ಪರದೆಗಳಿಗಾಗಿ ಇರುವ ಮಾರ್ಗಸೂಚಿಯ ಮಿತಿ ಸೆಕೆಂಡಿಗೆ ಮೂರು ಮಿನುಗು, ಅಂಗಳಕ್ಕೂ ಅದನ್ನೇ ಪಾಲಿಸಿ. 120 ಬೀಟಿನ ಹಾಡಿನಲ್ಲಿ ಬೀಟಿಗೊಂದಾದರೆ ಸೆಕೆಂಡಿಗೆ ಎರಡು, ಅರ್ಧ ಬೀಟಿಗೊಂದಾದರೆ ನಾಲ್ಕು. ಇಡೀ ಮನೆಯನ್ನು ಅರ್ಧ ಬೀಟಿಗೆ ಎಂದೂ ಮಿನುಗಿಸಬೇಡಿ.

ವಾದ್ಯಗಳಿಗೆ ಜಾಗ ಹಂಚಿ: ಬೇಸ್‌ಗೆ ಸೂರಿನ ಉದ್ದ ಸಾಲು, ದನಿಗೆ ಕಿಟಕಿಗಳು, ತಾಳಕ್ಕೆ ಗಿಡಗಳು. ಯಾವ ಕ್ಷಣದಲ್ಲೂ ಮೂರರಲ್ಲೊಂದು ಪಾಲು ಆರಿರಲಿ. ಎಲ್ಲವೂ ಒಟ್ಟಿಗೆ ಹೊತ್ತುವುದು ಹಾಡಿಗೆ ಎರಡೇ ಸಲ. ಪೆಟ್ಟಿಗೆ ದೀಪ ಥಟ್ಟನೆ ಹೊತ್ತಿ 300 ಮಿಲಿಸೆಕೆಂಡಿನಲ್ಲಿ ಇಳಿಯಲಿ, ಆಗ ಅದು ಚರ್ಮವಾದ್ಯದ ನಾದದಂತೆಯೇ ಕಾಣುತ್ತದೆ.

ಕೆಂಪಗಾಗುವುದು ವೋಲ್ಟೇಜ್ ಕುಸಿತ. 5 ವೋಲ್ಟಿನ ಪಿಕ್ಸೆಲ್ ಪೂರ್ತಿ ಬಿಳಿಗೆ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ, 500 ಪಿಕ್ಸೆಲ್ಲಿಗೆ 30 ಆಂಪ್. ತಂತಿಯ ತುದಿಯಲ್ಲಿ ವೋಲ್ಟೇಜ್ ಸಾಲದಾದಾಗ ಮೊದಲು ಸೊರಗುವುದು ನೀಲಿ ಮತ್ತು ಹಸಿರು. ಹೊಳಪನ್ನು 30 ಪ್ರತಿಶತಕ್ಕೆ ಇಳಿಸಿ, ಕತ್ತಲಲ್ಲಿ ಅದು ಧಾರಾಳ, ಕರೆಂಟೂ ಸುಮಾರು 9 ಆಂಪಿಗೆ ಇಳಿಯುತ್ತದೆ. ಆಗಲೂ ಕೆಂಪಗಾದರೆ 50 ಪಿಕ್ಸೆಲ್ಲಿಗೊಮ್ಮೆ ಹೊಸದಾಗಿ ಪವರ್ ಕೊಡಿ.

ಪ್ರಶ್ನೆ: ಪಿಕ್ಸೆಲ್ ಇಲ್ಲ. ಎಂಟು ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್ಚಿನ) ಬೋರ್ಡು ಮತ್ತು ಮಾಮೂಲಿ ಸೀರಿಯಲ್ ಸೆಟ್‌ಗಳಿವೆ. ಎಂಥ ಹಾಡು ಹೊಂದುತ್ತದೆ?

ಉತ್ತರ: ನಿಮಿಷಕ್ಕೆ 70ರಿಂದ 90 ಬೀಟಿನ, ಸಾಲಿನಿಂದ ಸಾಲಿಗೆ ಬಣ್ಣ ಬದಲಾದರೆ ಸಾಕಾಗುವ ಹಾಡು. ರಿಲೇಗೆ ಮಂದ ಬೆಳಕು ಗೊತ್ತಿಲ್ಲ, ಹೊತ್ತಿಸುವುದು ಇಲ್ಲವೇ ಆರಿಸುವುದು. ಆಯಸ್ಸೂ ಲೆಕ್ಕದ್ದು: ಸಾಮಾನ್ಯ ರಿಲೇಗೆ ತುಂಬು ಹೊರೆಯಲ್ಲಿ ಒಂದು ಲಕ್ಷ ಸಲ ಎಂದು ತಯಾರಕರು ಹೇಳುತ್ತಾರೆ. 120 ಬೀಟಿನ ಮೂರು ನಿಮಿಷದ ಹಾಡಿನಲ್ಲಿ ಬೀಟಿಗೊಮ್ಮೆ ಬಡಿದರೆ 360, ಅಂದರೆ 280 ಸಲ ಹಾಡುವುದರೊಳಗೆ ಲಕ್ಷ ಮುಗಿಯುತ್ತದೆ. ಮಿನುಗುವ ಡಬ್ಬಿ ಇರುವ ಸೆಟ್ ಬೇಡ, ಕರೆಂಟ್ ಬಂದಾಗಲೆಲ್ಲ ಅದು ತನ್ನದೇ ಕುಣಿತ ಮೊದಲಿನಿಂದ ಶುರು ಮಾಡುತ್ತದೆ. ಮನೆಯ ಕರೆಂಟ್ ನೇರ ಹಾಯುವುದರಿಂದ ಬೋರ್ಡು ಮಳೆನೀರು ತಾಗದ ಮುಚ್ಚಿದ ಪೆಟ್ಟಿಗೆಯಲ್ಲಿರಲಿ, ಮುಂದೆ 30 ಮಿಲಿಆಂಪಿನ ಸೋರಿಕೆ ಬ್ರೇಕರ್ ಇರಲೇಬೇಕು.

ಪ್ರಶ್ನೆ: ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ಪವರ್ಡ್ ಸ್ಪೀಕರಿಗೆ ತಂತಿ ಹಾಕಿದರೆ ವಾದ್ಯ ಕೇಳಿಸುತ್ತದೆ, ಗಾಯಕರ ದನಿ ಮಾಯ. ಕಡತವನ್ನು ಮೋನೊ ಮಾಡಿ ನೋಡಿದೆ, ಈಗ ಏನೂ ಕೇಳಿಸುತ್ತಿಲ್ಲ.

ಉತ್ತರ: ತಂತಿಯ ಪಿನ್ ನೋಡಿ. ಅದರಲ್ಲಿ ಎರಡು ಕಪ್ಪು ಗೆರೆ ಇದ್ದರೆ ಎಡ, ಬಲ, ನೆಲ ಎಂದು ಮೂರು ಸಂಪರ್ಕ. ಸ್ಪೀಕರಿನ ಬ್ಯಾಲೆನ್ಸ್‌ಡ್ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ. ಗಾಯಕರ ದನಿ ಎರಡೂ ಕಡೆ ಒಂದೇ ಇರುವುದರಿಂದ ಕಳೆದಾಗ ಸೊನ್ನೆ, ಮೋನೊದಲ್ಲಿ ಎಲ್ಲವೂ ಒಂದೇ ಆದ್ದರಿಂದ ಪೂರ್ತಿ ಸೊನ್ನೆ. ಮೋನೊ ಕಡತವನ್ನು ಹಾಗೇ ಇಟ್ಟುಕೊಳ್ಳಿ, ಅಂಗಳಕ್ಕೆ ಅದೇ ಒಳ್ಳೆಯದು. ಕಂಪ್ಯೂಟರಿನ ಕಡೆ ಸ್ಟೀರಿಯೊ ಪಿನ್ ಇದ್ದು ಇನ್ನೊಂದು ಕಡೆ ಎಡ, ಬಲ ಬೇರೆಯಾಗಿ ಕವಲೊಡೆಯುವ, ಒಂದೊಂದು ತುದಿಗೂ ಒಂದೇ ಕಪ್ಪು ಗೆರೆಯ ಪಿನ್ ಇರುವ ತಂತಿ ತನ್ನಿ. ಎಡದ ತುದಿಯನ್ನು ಮಾತ್ರ ಸ್ಪೀಕರಿಗೆ ಹಾಕಿ. ಬಲದ ತುದಿ ಯಾವ ಲೋಹಕ್ಕೂ ತಾಗದಂತೆ ಟೇಪ್ ಸುತ್ತಿ ಬಿಡಿ.