ಮನೆಮಾತು ರಂಗಕ್ಕೆ ಬರಲಿ, ಟೀಚರೇ

ಜೂನಿನಲ್ಲಿ ಶಾಲೆ ತೆರೆದರೆ ಸಾಕು, ನಾಟಕದ ಹೊಣೆ ಹೆಗಲಿಗೆ ಬಿದ್ದ ಶಿಕ್ಷಕರ ಪತ್ರಗಳು ಬರಲು ಶುರು. ಈ ಸಲ ಕಾಸರಗೋಡಿನಿಂದಲೇ ಹೆಚ್ಚು. ಮಹಾರಾಷ್ಟ್ರದ ಜತ್ತದಿಂದಲೂ ಒಂದು ಬಂದಿದೆ. ನಾಲ್ಕಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಕುಂಬಳೆ ಉಪಜಿಲ್ಲೆಯ ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಟೀಚರ್. ಈ ವರ್ಷ ಹೆಡ್‌ಮಾಷ್ಟ್ರು ನಾಟಕದ ಜವಾಬ್ದಾರಿ ನನಗೆ ವಹಿಸಿದ್ದಾರೆ. ಇದುವರೆಗೆ ನಾನು ರಂಗ ಹತ್ತಿದವಳಲ್ಲ. ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಮರಾಠಿ. ಕನ್ನಡ ಸಂಭಾಷಣೆ ಕೊಟ್ಟರೆ ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ, ಮುಖದಲ್ಲಿ ಏನೂ ಇರುವುದಿಲ್ಲ. ಕಲೋತ್ಸವದ ಶಾಲಾ ಸ್ಪರ್ಧೆಗೆ ಇವರನ್ನು ತಯಾರು ಮಾಡುವುದು ಹೇಗೆ? ನನಗೂ ಎಲ್ಲಾದರೂ ತರಬೇತಿ ಸಿಕ್ಕೀತೇ?

ಉತ್ತರ: ಟೀಚರೇ, ಈಗಲೇ ನಾಟಕದ ಪುಸ್ತಕ ಹುಡುಕಲು ಹೋಗಬೇಡಿ. ನಿಮ್ಮ ಮಕ್ಕಳಿಗೆ ಅಭಿನಯ ಬರುವುದಿಲ್ಲ ಎಂದಲ್ಲ. ಏನು ಹೇಳಬೇಕು ಎನ್ನುವುದು ಮನಸ್ಸಿನಲ್ಲಿ ಹುಟ್ಟುವ ಮೊದಲೇ ಅವರ ಕೈಗೆ ಮಾತು ಕೊಟ್ಟಿದ್ದೇವೆ, ಅದೂ ಶಾಲೆಯ ಗೇಟಿನೊಳಗೆ ಮಾತ್ರ ಆಡುವ ಭಾಷೆಯಲ್ಲಿ. ಮುಖ ಖಾಲಿಯಾಗಿರುವುದು ಅದಕ್ಕೇ.

ಮೊದಲ ವಾರ ಒಂದು ಬಸ್ಸು ಕಟ್ಟಿ. ಬೆಂಚುಗಳನ್ನು ಎರಡು ಸಾಲು ಇಟ್ಟರೆ ಮಂಗಳೂರಿಗೆ ಹೋಗುವ ಬಸ್ಸು ತಯಾರು. ಒಬ್ಬ ಕಂಡಕ್ಟರ್, ಒಬ್ಬಳು ಆಸ್ಪತ್ರೆಗೆ ಹೊರಟ ಅಜ್ಜಿ, ಇಬ್ಬರು ಮೀನು ಮಾರುವವರು, ಒಬ್ಬ ಚಿಲ್ಲರೆ ಇಲ್ಲದ ಕಾಲೇಜು ಹುಡುಗ. ಎಲ್ಲರೂ ಅವರವರ ಮನೆಮಾತಿನಲ್ಲೇ ಮಾತಾಡಲಿ. ನೀವು ಹೇಳಿಕೊಡಬೇಕಾದ್ದು ಪ್ರತಿಯೊಬ್ಬರಿಗೂ ಒಂದೊಂದು ಬೇಕು: ಅಜ್ಜಿಗೆ ಸೀಟು ಬೇಕು, ಹುಡುಗನಿಗೆ ಹತ್ತು ರೂಪಾಯಿ ಉಳಿಸಬೇಕು, ಕಂಡಕ್ಟರಿಗೆ ಬಾಗಿಲ ಹತ್ತಿರದ ಗುಂಪು ಒಳಗೆ ಹೋಗಬೇಕು. ನಾನು ಮೊದಲ ಸಲ ಇದನ್ನು ಮಾಡಿಸಿದಾಗ, ತರಗತಿಯಲ್ಲಿ ಹಾಜರಿ ಕೂಗಿದರೆ ಮಾತ್ರ ಬಾಯಿ ಬಿಡುತ್ತಿದ್ದ ಹುಡುಗನೊಬ್ಬ ಕಂಡಕ್ಟರಾದ. ಮುಂದೆ ಹೋಗಿ ನಿಲ್ಲಿ ಎನ್ನಲು ಮಲಯಾಳದಲ್ಲಿ 'ಮುನ್ನೋಟ್ಟ್ ಕೇರಿ ನಿಕ್ಕ್' ಎಂದು ಗದರಿದ. ಯಾರೂ ಕದಲಲಿಲ್ಲ. ಕೂಡಲೇ ತುಳುವಿಗೆ ಹೊರಳಿ 'ದುಂಬು ಪೋಲೆ' ಎಂದ. ಆಮೇಲೆ ಯಾರೂ ಹೇಳಿಕೊಡದೆಯೇ ಕನ್ನಡಕ್ಕೆ ಬಂದು 'ಅಜ್ಜಿ ನಿಂತಿದ್ದಾರೆ, ಕಾಣುವುದಿಲ್ಲವಾ ನಿಮಗೆ?' ಎಂದು ಕೇಳಿದ. ಆ ವಾಕ್ಯವನ್ನು ನಾನು ಇಂದಿಗೂ ಮರೆತಿಲ್ಲ. ಎರಡು ಭಾಷೆ ದಾಟಿ ಬಂದ ಆ ಕನ್ನಡ ಅವನದೇ ಆಗಿತ್ತು.

ಅದೇ ದೃಶ್ಯವನ್ನು ಮರುವಾರ ಪೂರ್ತಿ ಕನ್ನಡದಲ್ಲಿ ಮಾಡಿಸಿ. ಸಿಗದ ಶಬ್ದವನ್ನು ಮಕ್ಕಳೇ ಕೇಳುತ್ತಾರೆ. ಹಾಗೆ ಕೇಳಿ ಪಡೆದ ಶಬ್ದ ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ನಾಟಕದ ಕೊನೆಯ ರೂಪದಲ್ಲೂ ಒಂದೆರಡು ಪಾತ್ರ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿದರೆ ಅಂಜಬೇಡಿ. ನಮ್ಮದು ಸಪ್ತಭಾಷೆಯ ನೆಲವೆಂದು ಸ್ವಾಗತ ಭಾಷಣದಲ್ಲಿ ಹೇಳಿಕೊಂಡು, ರಂಗದ ಮೇಲೆ ಮಾತ್ರ ಯಾರ ಮನೆಯಲ್ಲೂ ಇಲ್ಲದ ಗ್ರಾಂಥಿಕ ಭಾಷೆ ಆಡಿಸುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯ ಹೆಜ್ಜೆ ನಿಮ್ಮ ಊರಿನಲ್ಲೇ ಇದೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ. ನೀವು ತಾಳಮದ್ದಳೆ ಕೇಳಿರುತ್ತೀರಿ: ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಹಾಡುವ ಪದ್ಯ ಮಾತ್ರ ನಿಗದಿ. ಅರ್ಥಧಾರಿ ಕುಳಿತಲ್ಲೇ ತನ್ನ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾನೆ, ಎದುರಿನವನ ಮಾತು ಕೇಳಿ ಅಲ್ಲಲ್ಲೇ ಉತ್ತರ ಹುಟ್ಟಿಸುತ್ತಾನೆ. ನಟನಿಗೆ ಬೇಕಾದ ಮೊದಲ ಗುಣವೇ ಈ ಕೇಳುವಿಕೆ, ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುವುದೂ ಅದೇ. ನಿಮ್ಮ ಪಠ್ಯದ ಒಂದು ಪದ್ಯವನ್ನು ಒಬ್ಬಳು ಹಾಡಲಿ. ಚಾಪೆಯ ಮೇಲೆ ಎದುರುಬದುರು ಕುಳಿತ ಇಬ್ಬರು ಆ ಪದ್ಯದ ಪಾತ್ರಗಳಾಗಿ ವಾದಿಸಲಿ. ಒಬ್ಬರಿಗೆ ಎರಡು ನಿಮಿಷ. ಎದುರಿನವರು ಕೊನೆಗೆ ಹೇಳಿದ ಮಾತನ್ನು ಎತ್ತಿಕೊಂಡೇ ಶುರು ಮಾಡಬೇಕು ಎನ್ನುವ ಒಂದೇ ನಿಯಮ ಇಡಿ. ಇದಕ್ಕೆ ಸಭಾಂಗಣ ಬೇಡ, ಖರ್ಚು ಬೇಡ, ಕನ್ನಡದ ಪೀರಿಯಡ್ಡೇ ಸಾಕು.

ಹೀಗೆ ಎರಡು ತಿಂಗಳು ಕಳೆದರೆ ಯಾವ ಮಗುವಿನೊಳಗೆ ಏನಿದೆ ಎಂದು ನಿಮಗೆ ತಿಳಿದಿರುತ್ತದೆ. ಓಣಂ ರಜೆ ಮುಗಿದ ಮೇಲೆ ನಾಟಕ ಆರಿಸಿ ಅಥವಾ ಮಕ್ಕಳ ದೃಶ್ಯಗಳನ್ನೇ ಪೋಣಿಸಿ. ಯು.ಪಿ. ವಿಭಾಗದ ಸ್ಪರ್ಧೆ ಜಿಲ್ಲಾ ಮಟ್ಟಕ್ಕೇ ಕೊನೆ, ರಾಜ್ಯಮಟ್ಟ ಪ್ರೌಢಶಾಲೆ ಮತ್ತು ಹಯರ್ ಸೆಕೆಂಡರಿಯವರಿಗೆ. ಆದ್ದರಿಂದ ನಿಮ್ಮ ಮೇಲೆ ಆ ಭಾರವಿಲ್ಲ. ಹೊರಗಿನ ನಿರ್ದೇಶಕರಿಗೆ ಹಣ ಕೊಟ್ಟು, ಬಾಡಿಗೆ ವೇಷ, ದೊಡ್ಡ ರಂಗಸಜ್ಜಿಕೆ ತರಿಸುವ ಪೈಪೋಟಿಗೆ ದಯವಿಟ್ಟು ಇಳಿಯಬೇಡಿ. ಅದರಲ್ಲಿ ಕಲಿಯುವುದು ಆಯ್ದ ಕೆಲವೇ ಮಕ್ಕಳು, ಬಡ ಮನೆಯ ಮಗು ಮೊದಲೇ ಹಿಂದೆ ಸರಿದಿರುತ್ತದೆ.

ನಿಮ್ಮ ತರಬೇತಿಗೆ ಹತ್ತಿರದ ಬಾಗಿಲು ಬಿ.ಆರ್.ಸಿ. (ಬ್ಲಾಕ್ ಸಂಪನ್ಮೂಲ ಕೇಂದ್ರ) ಮತ್ತು ಮಾಯಿಪ್ಪಾಡಿಯ ಡಯೆಟ್, ಅಂದರೆ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ. ಕನ್ನಡ ಶಿಕ್ಷಕರ ರಜಾಕಾಲದ ತರಬೇತಿಯಲ್ಲಿ ಒಂದು ದಿನ ರಂಗ ಚಟುವಟಿಕೆಗೆ ಕೊಡಿ ಎಂದು ನಾಲ್ಕೈದು ಶಾಲೆಯವರು ಸೇರಿ ಬರೆದು ಕೇಳಿ. ಒಬ್ಬರು ಬಾಯಿಮಾತಲ್ಲಿ ಕೇಳುವುದಕ್ಕೂ ಐವರು ಸಹಿ ಹಾಕಿ ಕೇಳುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಶಾಲೆಯ ವಿದ್ಯಾರಂಗ ಕಲಾ ಸಾಹಿತ್ಯ ವೇದಿಯನ್ನೂ ಬಳಸಿಕೊಳ್ಳಿ. ಕಥೆ, ಕವಿತೆ, ಚಿತ್ರದ ಜೊತೆ ಅಭಿನಯವೂ ಅದರ ಶಿಬಿರಗಳಲ್ಲಿದೆ, ಬಹುಮಾನದ ಒತ್ತಡ ಅಲ್ಲಿ ಕಡಿಮೆ. ಇನ್ನೊಂದು, ಕೇಂದ್ರ ಸರ್ಕಾರದ ಸಿ.ಸಿ.ಆರ್.ಟಿ., ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ. 1979ರಿಂದ ಇರುವ ಈ ಸಂಸ್ಥೆಗೆ ಹೈದರಾಬಾದಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಸೇವೆಯಲ್ಲಿರುವ ಶಿಕ್ಷಕರಿಗೆಂದೇ ಅವರು ಶಿಬಿರ ನಡೆಸುತ್ತಾರೆ, ಪಾಠದಲ್ಲಿ ಗೊಂಬೆಯಾಟ ಬಳಸುವ ತರಬೇತಿ ಅದರಲ್ಲೊಂದು. ನಮ್ಮ ಕಾಸರಗೋಡಿನಲ್ಲೇ ಯಕ್ಷಗಾನ ಬೊಂಬೆಯಾಟದ ತಂಡ ಇರುವಾಗ ನೀವು ಅಲ್ಲಿ ಕಲಿತು ಬಂದದ್ದು ಒಣಗಿ ಹೋಗಲಾರದು. ಅದೇ ಸಂಸ್ಥೆ 10ರಿಂದ 14 ವಯಸ್ಸಿನ ಪ್ರತಿಭಾವಂತ ಮಕ್ಕಳಿಗೆ ಕಲಾ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಯಕ್ಷಗಾನ ಕಲಿಯುತ್ತಿರುವ ಮಗು ನಿಮ್ಮಲ್ಲಿದ್ದರೆ ಅರ್ಜಿ ಹಾಕಿಸಿ.

ಪ್ರಶ್ನೆ: ನನಗೆ 24 ವರ್ಷ, ಊರು ಪೈವಳಿಕೆಯ ಹತ್ತಿರ. ಕನ್ನಡ ಬಿ.ಎ. ಮುಗಿಸಿ ಒಂದು ವರ್ಷ ರಂಗ ತರಬೇತಿ ಪಡೆದಿದ್ದೇನೆ. ಶಾಲೆಯಲ್ಲಿ ನಾಟಕ ಮಾಷ್ಟ್ರಾಗಬೇಕೆಂಬ ಆಸೆ. ಮನೆಯಲ್ಲಿ 'ಅದರಲ್ಲಿ ಹೊಟ್ಟೆ ತುಂಬುತ್ತದಾ' ಎಂದು ಕೇಳುತ್ತಾರೆ. ಕೇರಳದಲ್ಲಿ, ಕರ್ನಾಟಕದಲ್ಲಿ ಏನು ಅವಕಾಶ ಇದೆ ಸರ್?

ಉತ್ತರ: ಮನೆಯವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಕೇರಳದಲ್ಲಿ ಪಿ.ಎಸ್.ಸಿ. (ಲೋಕಸೇವಾ ಆಯೋಗ) ಕರೆಯುವ ವಿಶೇಷ ಶಿಕ್ಷಕರ ಹುದ್ದೆಗಳೆಂದರೆ ಮುಖ್ಯವಾಗಿ ಸಂಗೀತ, ಚಿತ್ರಕಲೆ, ಹೊಲಿಗೆ, ದೈಹಿಕ ಶಿಕ್ಷಣ. ಸಮಗ್ರ ಶಿಕ್ಷಾ ಯೋಜನೆಯ ಮೂಲಕ ಬಿ.ಆರ್.ಸಿ.ಗಳಲ್ಲಿ ಕಲಾ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ, ಅದು ಗುತ್ತಿಗೆಯ ಕೆಲಸ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕ ಎಂಬ ಹುದ್ದೆಯೇ ಇದೆ. ಆದರೆ ಸಂಖ್ಯೆ ತೀರ ಕಡಿಮೆ, ನೇಮಕಾತಿ ಅಪರೂಪ. ಅದನ್ನೇ ನಂಬಿ ವರ್ಷಗಟ್ಟಲೆ ಕಾದು ಸೊರಗಿದ ಗೆಳೆಯರನ್ನು ನಾನು ಕಂಡಿದ್ದೇನೆ. ನೀವು ಹಾಗಾಗಬಾರದು.

ನನ್ನ ಸಲಹೆ ಇಷ್ಟು: ಬಿ.ಎಡ್. ಮಾಡಿ, ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿ, ಕನ್ನಡ ಅಧ್ಯಾಪಕರಾಗಿ ಶಾಲೆಯೊಳಗೆ ಹೋಗಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕೇ ಬೇಕು. ಕನ್ನಡ ಬಾರದವರನ್ನು ಕನ್ನಡ ಮಕ್ಕಳ ಎದುರು ನಿಲ್ಲಿಸಿದಾಗ ಇಲ್ಲಿ ಎಷ್ಟು ಸಲ ಹೋರಾಟ ಆಗಿದೆ ಎಂದು ನಿಮಗೆ ಗೊತ್ತು. ರಂಗ ಬಲ್ಲ ಕನ್ನಡ ಮಾಷ್ಟ್ರಿಗೆ ವರ್ಷವಿಡೀ ಮಕ್ಕಳು ಸಿಗುತ್ತಾರೆ. ಬರೀ ನಾಟಕದ ಮಾಷ್ಟ್ರಿಗೆ ಸಿಗುವುದು ಸ್ಪರ್ಧೆಯ ಮುಂಚಿನ ಹದಿನೈದು ದಿನ.

ಖಾಸಗಿ ಸಿ.ಬಿ.ಎಸ್.ಇ. ಶಾಲೆಗಳ ಕಡೆಯೂ ಕಣ್ಣಿಡಿ. 2023ರಲ್ಲಿ ಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವನ್ನು ಒಂದು ಪಠ್ಯವಿಷಯವಾಗಿಯೇ ಇಟ್ಟಿದೆ. 2024ರಲ್ಲಿ ಎನ್.ಸಿ.ಇ.ಆರ್.ಟಿ. 6ನೇ ತರಗತಿಗೆ ತಂದ ಕಲಾ ಪುಸ್ತಕದಲ್ಲಿ ಚಿತ್ರ, ಸಂಗೀತ, ನೃತ್ಯದ ಜೊತೆ ರಂಗಭೂಮಿಗೂ ಜಾಗವಿದೆ. ಪುಸ್ತಕ ಬಂದ ಮೇಲೆ ಅದನ್ನು ಕಲಿಸುವವರೂ ಬೇಕಲ್ಲ. ಸಂದರ್ಶನಕ್ಕೆ ಹೋಗುವಾಗ ಸರ್ಟಿಫಿಕೇಟಿನ ಜೊತೆ ಒಂದು ತರಗತಿಗೆ ಇಡೀ ವರ್ಷದ ಯೋಜನೆಯನ್ನು ಬರೆದುಕೊಂಡು ಹೋಗಿ: ಯಾವ ತಿಂಗಳು ಏನು, ಎಷ್ಟು ಪೀರಿಯಡ್, ಮಗುವಿನ ಕಲಿಕೆಯನ್ನು ಅಳೆಯುವುದು ಹೇಗೆ. ನಟನೆ ಬಲ್ಲವರು ಅನೇಕರು ಬರುತ್ತಾರೆ, ಹೀಗೆ ಬರೆದು ತರುವವರು ಬಹಳ ಕಡಿಮೆ.

ಕಲಿಕೆ ಮುಂದುವರಿಸುವ ಮನಸ್ಸಿದ್ದರೆ ತೃಶ್ಶೂರಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಡ್ರಾಮಾ ಇದೆ, 1977ರಲ್ಲಿ ಶುರುವಾದದ್ದು. ನಿಮಗೆ ಮಲಯಾಳ ಗೊತ್ತಿರುವುದು ಅಲ್ಲಿ ಆಸ್ತಿ. ಮಕ್ಕಳ ರಂಗಭೂಮಿಯಲ್ಲೇ ನೆಲೆ ನಿಲ್ಲುವ ಆಸೆಯಾದರೆ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಕಟ್ಟಿದ ಶಿಕ್ಷಣ ರಂಗಭೂಮಿ ತಂಡದ ಕೆಲಸ ನೋಡಿ. ಎನ್.ಎಸ್.ಡಿ.ಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. 1980ರಿಂದ ಹೆಗ್ಗೋಡಿನಲ್ಲಿ ನಡೆಯುತ್ತಿರುವ ನೀನಾಸಂ ರಂಗಶಿಕ್ಷಣ ಕೇಂದ್ರದ ಹೆಸರು ನಿಮಗೆ ಹೊಸದಲ್ಲ. ಬೇಸಿಗೆ ರಜೆಯಲ್ಲಿ ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಶಿಬಿರಗಳಲ್ಲಿ ಸಹಾಯಕರಾಗಿ ನಿಲ್ಲಲು ಕೇಳಿ ನೋಡಿ. ಸಂಬಳ ದೊಡ್ಡದಿರಲಿಕ್ಕಿಲ್ಲ. ಆದರೆ ಹಟ ಹಿಡಿದ, ಅಳುವ, ಓಡುವ ಮಕ್ಕಳ ನಡುವೆ ಒಂದು ತಿಂಗಳು ನಿಂತರೆ ಈ ಕೆಲಸ ನಿಮಗೆ ಹೌದೋ ಅಲ್ಲವೋ ಎಂದು ನಿಮಗೇ ತಿಳಿಯುತ್ತದೆ.

ಊರಿನಲ್ಲೇ ನಾಲ್ಕು ಜನ ಸೇರಿ ನೋಂದಾಯಿತ ಸಂಘ ಕಟ್ಟಿದರೆ ಇನ್ನೊಂದು ದಾರಿಯೂ ತೆರೆಯುತ್ತದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಗಡಿಯ ಕನ್ನಡ ಸಂಸ್ಥೆಗಳ ಕಾರ್ಯಕ್ರಮಗಳಿಗೂ ನೆರವು ಕೊಡುತ್ತದೆ. ಒಂದು ದಿನದ ಉತ್ಸವಕ್ಕೆ ಕೇಳಬೇಡಿ, ಐದು ಶಾಲೆಗಳಲ್ಲಿ ಆರು ತಿಂಗಳು ನಡೆಯುವ ರಂಗ ತರಗತಿಗೆ ಕೇಳಿ. ಲೆಕ್ಕಪತ್ರ ಮೊದಲ ದಿನದಿಂದಲೇ ಸರಿಯಾಗಿರಲಿ.

ಪ್ರಶ್ನೆ: ನಾನು ಜತ್ತ ತಾಲ್ಲೂಕಿನ ಕನ್ನಡ ಪ್ರೌಢಶಾಲೆಯ ಶಿಕ್ಷಕ. ವಾರ್ಷಿಕೋತ್ಸವಕ್ಕೆ ಒಬ್ಬ ಹೆಸರಾಂತ ಲೇಖಕರ ನಾಟಕ ಆಡಿಸಬೇಕೆಂದಿದ್ದೇವೆ. ಅನುಮತಿ ಬೇಕೇ? ಅರ್ಧ ಕತ್ತರಿಸಿ ಆಡಿದರೆ ತಪ್ಪೇ?

ಉತ್ತರ: ಸರ್, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಾಲೆಗಳಿಗೆ ಒಂದು ರಿಯಾಯಿತಿ ಕೊಟ್ಟಿದೆ. ಶಾಲೆಯ ಚಟುವಟಿಕೆಯ ಅಂಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಆಡುವ ನಾಟಕವನ್ನು ಶಾಲೆಯವರು, ಪಾಲಕರು ಮತ್ತು ಶಾಲೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ನೋಡುವುದಾದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಊರ ಜಾತ್ರೆಯಲ್ಲಿ ಆಡಿದರೆ, ಟಿಕೆಟ್ ಇಟ್ಟರೆ, ಯೂಟ್ಯೂಬಿಗೆ ಹಾಕಿದರೆ ಈ ರಿಯಾಯಿತಿಯನ್ನು ನಂಬಿ ಕೂರುವಂತಿಲ್ಲ, ಅನುಮತಿ ಪತ್ರ ತೆಗೆದುಕೊಳ್ಳಿ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಈ ತಾಪತ್ರಯವಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ನಾಟಕವನ್ನೂ ಬರೆದವರು, 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿಯಿಂದ ಎಲ್ಲರವೂ ಆಗಿವೆ.

ಕತ್ತರಿಸುವ ವಿಚಾರ: ಲೇಖಕರು ಬದುಕಿದ್ದರೆ ಒಂದು ಪತ್ರ ಬರೆದು ಕೇಳಿ. ಮಕ್ಕಳು ಆಡುತ್ತಾರೆ ಎಂದರೆ ಬೇಡ ಎನ್ನುವ ನಾಟಕಕಾರರನ್ನು ನಾನು ಕಂಡಿಲ್ಲ. ಬಂದ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿ. ಬರೆದವರೊಬ್ಬರು ಎಲ್ಲೋ ಇದ್ದಾರೆ, ತಮ್ಮನ್ನು ಗಮನಿಸಿದ್ದಾರೆ ಎನ್ನುವುದು ಗಡಿಯಾಚೆಯ ಆ ಮಕ್ಕಳಿಗೆ ದೊಡ್ಡದು.

ಪ್ರಶ್ನೆ: ಉಪ್ಪಳದಿಂದ ಒಬ್ಬಳು ತಾಯಿ ಬರೆಯುವುದು. ಮಗಳು 9ನೇ ಕ್ಲಾಸು, ನಾಟಕದಲ್ಲಿ ದೊಡ್ಡ ಪಾತ್ರ ಸಿಕ್ಕಿದೆ. ರಿಹರ್ಸಲ್ ಮುಗಿಸಿ ಮನೆಗೆ ಬರುವಾಗ ಕತ್ತಲಾಗುತ್ತದೆ. ಅವಳ ಅಪ್ಪ ಬೇಡ ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಅಕ್ಕ, ಈ ವಿಷಯದಲ್ಲಿ ಅಪ್ಪನ ಆತಂಕ ಸರಿ, ತಪ್ಪು ರಿಹರ್ಸಲಿನ ಹೊತ್ತಿನದು. ಶಾಲೆ ಬಿಟ್ಟ ಮೇಲೆ ಒಂದು ಗಂಟೆಗಿಂತ ಹೆಚ್ಚು ಮಕ್ಕಳನ್ನು ನಿಲ್ಲಿಸುವ ಅಗತ್ಯ ಯಾವ ನಾಟಕಕ್ಕೂ ಇಲ್ಲ. ಪ್ರತಿ ದೃಶ್ಯಕ್ಕೂ ಎಲ್ಲರೂ ಬೇಕಿಲ್ಲ. ಯಾವ ದಿನ ಯಾವ ದೃಶ್ಯ ಎಂದು ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಹೊತ್ತು ಉಳಿಯುತ್ತದೆ, ಶನಿವಾರ ಬೆಳಿಗ್ಗೆಯನ್ನೂ ಬಳಸಬಹುದು. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ನೀವೇ ಇದನ್ನು ಎತ್ತಿ. ಒಬ್ಬರೇ ಹೇಳುವುದು ಕಷ್ಟವಾದರೆ ಇನ್ನಿಬ್ಬರು ತಾಯಂದಿರನ್ನು ಕರೆದುಕೊಳ್ಳಿ. ರಿಹರ್ಸಲ್ ನಡೆಯುವಷ್ಟು ಹೊತ್ತು ಒಬ್ಬರಾದರೂ ಟೀಚರ್ ಶಾಲೆಯಲ್ಲಿ ಇರಬೇಕು, ಹುಡುಗಿಯರು ಬಸ್ಸು ಹತ್ತುವವರೆಗೂ ಅವರು ಹೊರಡಬಾರದು ಎಂದು ಬರೆಸಿಕೊಳ್ಳಿ.

ಅಪ್ಪನನ್ನು ಒಂದು ಸಂಜೆ ರಿಹರ್ಸಲಿಗೆ ಕರೆದುಕೊಂಡು ಹೋಗಿ. ಮುಂದಿನ ಸಾಲಿನಲ್ಲಿ ಕೂರಿಸಬೇಡಿ, ಮಗಳಿಗೆ ನಾಚಿಕೆಯಾಗುತ್ತದೆ. ಕಿಟಕಿಯ ಹೊರಗೆ ನಿಂತು ನೋಡಲಿ.