ಮಿನಿಕಾಯ್ ದ್ವೀಪದ ನೀರು, ಮೀನು, ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಸುತ್ತಲೂ ಸಮುದ್ರ. ಆದರೂ ಬಾವಿಯಲ್ಲಿ ಸಿಹಿನೀರು ಸಿಗುತ್ತದಂತೆ. ಅದು ಹೇಗೆ? ಸುಮಾರು 10 ಸಾವಿರ ಜನರಿಗೆ ಆ ನೀರು ಸಾಕಾಗುತ್ತದೆಯೇ? (ಓದುಗರು, ಕುಂದಾಪುರ)

ಉತ್ತರ: ಮಿನಿಕಾಯ್‌ನ ನೆಲ 5 ಚದರ ಕಿಲೋಮೀಟರಿಗೂ ಕಡಿಮೆ. ಅದೂ ಹವಳದ ಮರಳು, ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ, ಇಂಗಿದ ಮಳೆನೀರು ನೆಲದಡಿಯ ಸಮುದ್ರದ ನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ 40 ಅಡಿ ಇರಬೇಕೆಂದು ಲೆಕ್ಕ. ಆದರೆ ಇಷ್ಟು ಕಿರಿದಾದ ದ್ವೀಪದಲ್ಲಿ ಭರತ ಇಳಿತಗಳು ಎರಡೂ ನೀರನ್ನು ಕಲಸುತ್ತಲೇ ಇರುವುದರಿಂದ ನಿಜಕ್ಕೂ ಬಳಸಲು ಸಿಗುವುದು ಕೆಲವೇ ಮೀಟರ್. ಅಲ್ಲಿ ಬಾವಿಯ ನೀರೂ ಭರತಕ್ಕೆ ಏರಿ, ಇಳಿತಕ್ಕೆ ಇಳಿಯುತ್ತದೆ.

ಹೀಗಾಗಿ ನಮ್ಮೂರಿನ ರೂಢಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರು ಕಡಿಮೆಯಾಯಿತೆಂದು ಬಾವಿಯನ್ನು ಆಳ ಮಾಡಿದರೆ ನೇರ ಉಪ್ಪುನೀರಿಗೇ ಹೋಗಿ ತಲುಪುತ್ತೀರಿ. ದೊಡ್ಡ ಪಂಪು ಹಾಕಿ ಒಂದೇ ಕಡೆ ರಭಸದಿಂದ ಎಳೆದರೆ ಕೆಳಗಿನ ಉಪ್ಪುನೀರು ಗೋಪುರದಂತೆ ಮೇಲೇರುತ್ತದೆ. ಸಣ್ಣ ಪಂಪು, ಸ್ವಲ್ಪ ಹೊತ್ತು, ನೀರಿನ ಮೇಲ್ಪದರದಿಂದ ಮಾತ್ರ, ಸಾಧ್ಯವಾದರೆ ಎರಡು ಮೂರು ಕಡೆ ಹಂಚಿಕೊಂಡು ಎತ್ತುವುದೇ ಸರಿ. ಒಮ್ಮೆ ಉಪ್ಪಾದ ಬಾವಿಯನ್ನು ಮುಂದಿನ ಮಳೆಗಾಲದವರೆಗೆ ಮುಟ್ಟದೆ ಬಿಡಬೇಕು. ಇನ್ನೊಂದು ತೊಂದರೆ ಶೌಚದ ಗುಂಡಿಗಳದ್ದು. ಮರಳು ನೀರನ್ನು ಸೋಸುವಷ್ಟು ನಿಧಾನವಾಗಿ ಬಿಡುವುದಿಲ್ಲ, ಮನೆಗಳೂ ಒತ್ತೊತ್ತಾಗಿವೆ. ಆದ್ದರಿಂದ ಬಾವಿನೀರನ್ನು ಕುದಿಸದೆ ಕುಡಿಯುವಂತಿಲ್ಲ.

ಮಳೆನೀರಿನ ಲೆಕ್ಕ ನೋಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ, ನಮ್ಮ ಕರಾವಳಿಯ ಅರ್ಧಕ್ಕಿಂತ ಕಡಿಮೆ. ಹಾಗಿದ್ದರೂ 50 ಚದರ ಮೀಟರ್ ಮಾಡಿನಿಂದ, ಐದರಲ್ಲಿ ಒಂದು ಪಾಲು ಪೋಲಾದರೂ, 64 ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 10 ಲೀಟರಿನಂತೆ ಜನವರಿಯಿಂದ ಏಪ್ರಿಲ್‌ವರೆಗಿನ 120 ದಿನಕ್ಕೆ ಬೇಕಾಗುವುದು 6 ಸಾವಿರ ಲೀಟರ್. ಅಂದರೆ 7 ಸಾವಿರ ಲೀಟರಿನ ಮುಚ್ಚಿದ ಟ್ಯಾಂಕ್ ಒಂದಿದ್ದರೆ ಬೇಸಿಗೆ ಕಳೆಯುತ್ತದೆ. ಒಣ ದಿನಗಳ ನಂತರದ ಮೊದಲ ಮಳೆಯಲ್ಲಿ ಹಕ್ಕಿಗಳ ಹಿಕ್ಕೆ, ಸಮುದ್ರದ ಉಪ್ಪಿನ ಪುಡಿ ಎಲ್ಲ ತೊಳೆದು ಬರುತ್ತದೆ, ಅದನ್ನು ಹೊರಗೆ ಬಿಡಿ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ, 2011ರಲ್ಲಿ ಮಿನಿಕಾಯ್‌ನಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಸಿಹಿನೀರಿನ ಘಟಕ ಹಾಕಿತು. ಸುಮಾರು 28 ಡಿಗ್ರಿಯ ಮೇಲ್ಮೈ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಅದರಲ್ಲೊಂದು ಭಾಗ ಆ ಬಿಸಿಗೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ತಂದ 12 ಡಿಗ್ರಿಯ ತಣ್ಣೀರು ಆ ಆವಿಯನ್ನು ನೀರಾಗಿಸುತ್ತದೆ. ಆ ಒಂದು ಲಕ್ಷ ಲೀಟರನ್ನು 10 ಸಾವಿರ ಜನರಿಗೆ ಹಂಚಿದರೆ ತಲೆಗೆ 10 ಲೀಟರ್, ಅದು ಕುಡಿಯಲು, ಅಡುಗೆಗೆ ಮಾತ್ರ ಸಾಕು. ಸ್ನಾನ, ಬಟ್ಟೆ, ಪಾತ್ರೆಗೆ ಇವತ್ತಿಗೂ ಬಾವಿಯೇ ಗತಿ.

ಪ್ರಶ್ನೆ: ಅಲ್ಲಿನ ಮಾಸ್‌ಮೀನ್, ಅಂದರೆ ಬೇಯಿಸಿ ಹೊಗೆ ಹಾಕಿ ಒಣಗಿಸಿದ ಟ್ಯೂನಾ, ಮಾಡುವುದು ಹೇಗೆ? ಮಲ್ಪೆಗೆ ಬರುವ ಕೇದರ್ (ಟ್ಯೂನಾ) ಮೀನಿನಿಂದ ಮಾಡಬಹುದೇ? (ಮಹಿಳಾ ಸಂಘವೊಂದರ ಸದಸ್ಯೆ, ಉಡುಪಿ)

ಉತ್ತರ: ಮಾಡಬಹುದಮ್ಮ, ಆದರೆ ಮೀನು ತಾಜಾ ಇರಬೇಕು. ಈ ಮಾತು ಸಂಘದವರಿಗೆಲ್ಲ ಮನದಟ್ಟಾದ ಮೇಲೆಯೇ ಒಲೆ ಹಚ್ಚಿ.

ಮಿನಿಕಾಯ್‌ನಲ್ಲಿ ಬಳಸುವುದು ಹೊಟ್ಟೆಯ ಮೇಲೆ ಉದ್ದುದ್ದ ಗೆರೆಗಳಿರುವ ಸ್ಕಿಪ್‌ಜಾಕ್ ಟ್ಯೂನಾ. ತಲೆ, ಕರುಳು, ನಡುಮುಳ್ಳು ತೆಗೆದು ಉದ್ದಕ್ಕೆ ನಾಲ್ಕು ಹೋಳು ಮಾಡುತ್ತಾರೆ. ರಕ್ತ ಹೋಗುವಂತೆ ತೊಳೆದು, ಸಮುದ್ರದ ನೀರಿನಲ್ಲೇ ಒಂದು ಒಂದೂವರೆ ಗಂಟೆ ಬೇಯಿಸುತ್ತಾರೆ. ನೀವು ನಲ್ಲಿ ನೀರು ಬಳಸುವುದಾದರೆ ಲೀಟರಿಗೆ 35 ಗ್ರಾಂ ಉಪ್ಪು ಹಾಕಿ. ನೀರು ಕೊತಕೊತ ಕುದಿಯಬಾರದು, ಹೋಳು ಒಡೆಯುತ್ತದೆ. ಬೆಂದ ಹೋಳುಗಳನ್ನು ಆರಿಸಿ, ತೆಂಗಿನ ಸಿಪ್ಪೆ, ಚಿಪ್ಪಿನ ಹೊಗೆಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು, ಆಮೇಲೆ ಬಿಸಿಲಿಗೆ ಹಾಕುತ್ತಾರೆ. ಹಗಲು ಬಿಸಿಲು, ನಡುವೆ ಮತ್ತೆ ಹೊಗೆ, ಹೀಗೆ ಹಲವು ದಿನ. ಐದು ಕಿಲೋ ಹಸಿ ಮೀನಿಗೆ ಸುಮಾರು ಒಂದು ಕಿಲೋ ಮಾಸ್ ಸಿಗುತ್ತದೆ, ಬೆಲೆ ಕಟ್ಟುವಾಗ ಇದನ್ನು ಮರೆಯಬೇಡಿ. ಚೆನ್ನಾಗಿ ಆದದ್ದನ್ನು ಎರಡು ತುಂಡು ಒಂದಕ್ಕೊಂದು ತಟ್ಟಿದರೆ ಕಟ್ಟಿಗೆಯ ಸದ್ದು ಬರಬೇಕು. ಮುರಿದರೆ ಒಳಗೆ ಕಂದು ಬಣ್ಣದ ಹೊಳಪು ಕಾಣಬೇಕು.

ಕೆಡುವುದು ಮೂರು ಕಡೆ. ಮೊದಲ ದಿನವೇ ಜೋರು ಬೆಂಕಿ ಕೊಟ್ಟರೆ ಹೊರಪದರ ಗಟ್ಟಿಯಾಗಿ ಒಳಗಿನ ತೇವ ಸಿಕ್ಕಿಬೀಳುತ್ತದೆ, ವಾರ ಕಳೆದ ಮೇಲೆ ಬೂಷ್ಟು. ಸರಿಯಾಗಿ ಒಣಗಿದ್ದರೂ ಗೋಣಿಯಲ್ಲಿಟ್ಟರೆ ಹುಳ ಬೀಳುತ್ತದೆ, ಗಾಳಿಯಾಡದ ಡಬ್ಬ ಬೇಕು. ಮೂರನೆಯದು ಅಪಾಯದ್ದು. ಟ್ಯೂನಾ ಜಾತಿಯ ಮೀನನ್ನು ಐಸ್ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತಲೆನೋವು, ದದ್ದು, ವಾಂತಿ. ಬೇಯಿಸಿದರೂ ಹೊಗೆ ಹಾಕಿದರೂ ಇದು ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗುತ್ತದೆಂಬ ಖಾತ್ರಿಯೂ ಇಲ್ಲ. ಮಿನಿಕಾಯ್ ದೋಣಿಗಳು ಅಂದು ಹಿಡಿದದ್ದನ್ನು ಅಂದೇ ತರುತ್ತವೆ. ನೀವು ಕೊಳ್ಳುವಾಗ ಬಲೆಯಿಂದ ತೆಗೆದ ಕೂಡಲೇ ಐಸಿಗೆ ಹಾಕಿದ ಮೀನೇ ಬೇಕೆಂದು ಹಟ ಹಿಡಿಯಿರಿ. ಅನುಮಾನವಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಹೊರಗೆ ಟ್ಯೂನಾ ಧಾರಾಳವಿದ್ದರೂ ಕೆಲವು ದಿನ ಅಲ್ಲಿನ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲವಂತೆ. ಕಾರಣವೇನು? (ಓದುಗರು, ಕಾರವಾರ)

ಉತ್ತರ: ಎರೆಮೀನು ಸಿಗದಿರುವುದು. ಅಲ್ಲಿನವರು ಬಲೆ ಬೀಸಿ ಟ್ಯೂನಾ ಹಿಡಿಯುವವರಲ್ಲ. ಬೆಳಗ್ಗೆ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲಿ, ಬೆರಳುದ್ದದ ಮೀನುಗಳನ್ನು ಎತ್ತುಬಲೆಯಿಂದ ಜೀವಂತ ಹಿಡಿದು ದೋಣಿಯ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯ ತಳದ ತೂತುಗಳಿಂದ ಸಮುದ್ರದ ನೀರು ಆಡುತ್ತಿರುತ್ತದೆ. ಟ್ಯೂನಾ ಹಿಂಡು ಕಂಡಾಗ ಎರೆಮೀನು ಎರಚಿ, ನೀರು ಚಿಮುಕಿಸಿ ಹಿಂಡನ್ನು ದೋಣಿಯ ಹತ್ತಿರ ಹಿಡಿದಿಟ್ಟು, ಹಿಮ್ಮುಳ್ಳಿಲ್ಲದ ಕೊಕ್ಕೆಯ ಕೋಲುಗಾಳದಿಂದ ಒಂದೊಂದಾಗಿ ಎಳೆದು ಹಾಕುತ್ತಾರೆ. ಸತ್ತ ಎರೆಗೆ ಹಿಂಡು ನಿಲ್ಲುವುದಿಲ್ಲ. ತೊಟ್ಟಿಯಲ್ಲಿ ಹೆಚ್ಚು ತುಂಬಿದರೆ ಉಸಿರು ಕಟ್ಟಿ ಸಾಯುತ್ತವೆ, ಒರಟು ಬಲೆಯಲ್ಲಿ ಹುರುಪೆ ಉದುರಿದರೂ ಸಾಯುತ್ತವೆ.

ಎರೆಮೀನಿಗೆ ಕವಲೊಡೆದ ಹವಳವೇ ಆಸರೆ. 1998, 2010, 2016ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬಿಳಿಚಿತು, ಮೊದಲು ಸತ್ತದ್ದು ಈ ಕವಲು ಹವಳವೇ. ಜೊತೆಗೆ ಲಗೂನಿನ ಹೂಳೆತ್ತುವುದು, ರಾತ್ರಿ ದೀಪ ಹಾಕಿ ಎರೆಮೀನನ್ನು ಬಾಚುವುದು ಸೇರಿದರೆ ಹಳ್ಳಿಯ ಇಡೀ ದುಡಿಮೆ ನಿಲ್ಲುತ್ತದೆ. ಐಸ್ ಪ್ಲಾಂಟು, ದೊಡ್ಡ ದೋಣಿ, ರೆಸಾರ್ಟು, ಯಾವುದೇ ಯೋಜನೆ ಬಂದರೂ ಅದು ಲಗೂನನ್ನೂ ನೆಲದಡಿಯ ಸಿಹಿನೀರನ್ನೂ ಏನು ಮಾಡುತ್ತದೆಂದು ಮೊದಲು ಕೇಳಬೇಕು. ಇವೆರಡೂ ಕೆಟ್ಟರೆ ಅಲ್ಲಿ ಊರೇ ಉಳಿಯುವುದಿಲ್ಲ.

ಪ್ರಶ್ನೆ: ದ್ವೀಪದಲ್ಲಿ ಜಾಗ ಕೊಂಡು ಹೋಂಸ್ಟೇ ಮಾಡಬಹುದೇ? ಆ ದ್ವೀಪಗಳು ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದವಂತೆ. (ಓದುಗರು, ಮಂಗಳೂರು)

ಉತ್ತರ: ಜಾಗ ಕೊಳ್ಳಲಾಗದು. ದ್ವೀಪವಾಸಿಗಳು ಪರಿಶಿಷ್ಟ ಪಂಗಡದವರು, ಅವರ ಭೂಮಿ ಹೊರಗಿನವರ ಕೈಗೆ ಹೋಗದಂತೆ ಕಾನೂನಿದೆ. ಬರೀ ಹೋಗಿಬರಲೂ ಪರ್ಮಿಟ್ ಬೇಕು. 1956ರವರೆಗೆ ದಕ್ಷಿಣ ಕನ್ನಡದ ಆಡಳಿತದಲ್ಲಿದ್ದದ್ದು ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು. ಅಲ್ಲಿನ ಹುರಿಹಗ್ಗ, ತೆಂಗು ಮಂಗಳೂರು ಬಂದರಿಗೆ ಬರುತ್ತಿತ್ತು, ಅಕ್ಕಿ ಇಲ್ಲಿಂದ ಹೋಗುತ್ತಿತ್ತು. ಮಿನಿಕಾಯ್ ಇದರಲ್ಲಿ ಸೇರಿರಲಿಲ್ಲ.

ಪ್ರಶ್ನೆ: ಮಿನಿಕಾಯ್‌ನ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುತ್ತಾರೆಂದು ಕೇಳಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಹುಡುಗರಿಗೂ ಆ ದಾರಿ ಇದೆಯೇ? (ಹೈಸ್ಕೂಲ್ ಶಿಕ್ಷಕರು, ಭಟ್ಕಳ)

ಉತ್ತರ: ಇದೆ ಮೇಷ್ಟ್ರೇ. ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಆರು ತಿಂಗಳ ಜನರಲ್ ಪರ್ಪಸ್ ರೇಟಿಂಗ್, ಅಂದರೆ ಹಡಗಿನ ಸಾಮಾನ್ಯ ನಾವಿಕನ ಕೆಲಸದ, ತರಬೇತಿ ಪಡೆಯಬೇಕು. ವಯಸ್ಸು ಹದಿನೇಳೂವರೆಯಿಂದ 25ರೊಳಗೆ. ಇಂಗ್ಲಿಷಿನ ಅಂಕವನ್ನೂ ನೋಡುತ್ತಾರೆ. ಫೀಸು ಕಟ್ಟುವ ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದರೆ ಹಡಗಿನ ಡೆಕ್ಕಿನ ಕೆಲಸ ಸಿಗದು, ಎಷ್ಟೋ ಹುಡುಗರಿಗೆ ಇದು ಸಾಲ ಮಾಡಿ ಸೇರಿದ ಮೇಲೆ ಗೊತ್ತಾಗುತ್ತದೆ.

ತರಬೇತಿಗಿಂತ ಕಷ್ಟ ಮೊದಲ ಹಡಗು ಸಿಗುವುದು. ಮೋಸ ನಡೆಯುವುದೂ ಅಲ್ಲೇ. ನಾವಿಕರನ್ನು ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಲೇಬೇಕು. ಅದರ ನಂಬರ್ ಕೇಳಿ, ಇಲಾಖೆಯ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ, ಪ್ರವಾಸಿ ವೀಸಾದಲ್ಲಿ ಹೊರದೇಶಕ್ಕೆ ಹೋಗಿ ಹಡಗು ಹತ್ತು ಎಂದರೆ, ಹುಡುಗನ ಪಾಸ್‌ಪೋರ್ಟ್ ಕೊಡಬೇಡಿ. ಅಗ್ರಿಮೆಂಟಿನಲ್ಲಿ ಹಡಗಿನ ಹೆಸರು, ಸಂಬಳ, ಅವಧಿ ಮೂರೂ ಬರೆದಿರಬೇಕು, ಅದರ ಒಂದು ಪ್ರತಿ ಮನೆಯಲ್ಲಿರಲಿ.